ಪಾರ್ಕಿನ್ಸನ್‌ಗೆ ಗುಳಿಗೆಯೊಂದೇ ಸಾಲದು, ವ್ಯಾಯಾಮ ಮಾಡಿಸುವವರು ಫೋನಿನಲ್ಲಿ ಬರಲಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಿರಿಯರೇ, ತಾಯಂದಿರೇ,

ಅಜ್ಜ ಹೊಸ್ತಿಲ ತನಕ ಬಂದು ಗಕ್ಕನೆ ನಿಲ್ಲುತ್ತಾರೆ, ಕಾಲು ನೆಲಕ್ಕೆ ಅಂಟಿದಂತೆ. "ದಾಟ್ರಿ, ದಾಟ್ರಿ" ಎಂದಷ್ಟೂ ಕಾಲು ಏಳುವುದಿಲ್ಲ. ಅಂಗಿಯ ಗುಂಡಿ ಹಾಕಲು ಕಾಲು ಗಂಟೆ ಬೇಕು. ಸಹಿ ಇರುವೆ ಸಾಲಿನಷ್ಟು ಸಣ್ಣದಾಗಿದೆ. ವಯಸ್ಸಾಯಿತೆಂದು ಬಿಡಬೇಡಿ, ಅದು ಪಾರ್ಕಿನ್ಸನ್ ಇರಬಹುದು. ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸವೆಯುವ ಕಾಯಿಲೆ ಇದು. ಕೈ ನಡುಗದವರಿಗೂ ಬರುತ್ತದೆ.

ಡಾಕ್ಟರು ಕೊಟ್ಟ ಗುಳಿಗೆ ಬಿಡಬಾರದು. ಆದರೆ ಮೈ ದುಡಿಯದಿದ್ದರೆ ಗುಳಿಗೆ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ನೆದರ್ಲೆಂಡ್ಸ್‌ನಲ್ಲಿ 130 ರೋಗಿಗಳ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ಮನೆಯಲ್ಲೇ, ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ವಾರಕ್ಕೆ ಮೂರು ಸಲ, 30ರಿಂದ 45 ನಿಮಿಷ ಬೆವರಿದರು. ಇನ್ನೊಂದು ಗುಂಪಿನವರು ಮೈ ಸಡಿಲಿಸುವ ವ್ಯಾಯಾಮವನ್ನಷ್ಟೇ ಮಾಡಿದರು. ಎರಡೂ ಗುಂಪುಗಳನ್ನು ಮೊಬೈಲ್ ಆ್ಯಪ್ ಹುರಿದುಂಬಿಸುತ್ತಿತ್ತು, ತಜ್ಞರು ದೂರದಿಂದಲೇ ನಿಗಾ ಇಟ್ಟಿದ್ದರು. ಆರು ತಿಂಗಳ ನಂತರ, ಗುಳಿಗೆಯ ಪ್ರಭಾವ ಇಳಿದ ಹೊತ್ತಿನಲ್ಲಿ ಪರೀಕ್ಷಿಸಿದಾಗ, ಸೈಕಲ್ ತುಳಿದವರ ಚಲನೆಯ ತೊಂದರೆ ಕಡಿಮೆ ಏರಿತ್ತು. ರೋಗ ವಾಸಿಯಾಗಲಿಲ್ಲ, ನಿಜ. ಆದರೆ ಇಷ್ಟು ಸಿಕ್ಕರೂ ನಮ್ಮ ಅಜ್ಜನಿಗೆ ದೊಡ್ಡದು.

ನಮ್ಮ ಮನೆಗಳಲ್ಲಿ ಆ ಸೈಕಲ್ ಇಲ್ಲ, ಅಂಗಳವಿದೆ. ಒಂದೂವರೆ ಅಡಿಗೊಂದರಂತೆ ಸೀಮೆಸುಣ್ಣದ ಗೆರೆ ಎಳೆಯಿರಿ. ಮೊಮ್ಮಗಳು ಭಜನೆಯ ತಾಳ ತಟ್ಟಲಿ, ಅಜ್ಜ ತಾಳಕ್ಕೊಂದು ಗೆರೆ ದಾಟಲಿ. ಕಣ್ಣಿಗೆ ಗೆರೆ, ಕಿವಿಗೆ ತಾಳ ಸಿಕ್ಕರೆ ಅಂಟಿದ ಕಾಲು ಎಷ್ಟೋ ಸಲ ಏಳುತ್ತದೆ. ಗುಳಿಗೆ ಹಿಡಿದ ಹೊತ್ತಿನಲ್ಲೇ ಮಾಡಿಸಿ, ಪಕ್ಕದಲ್ಲಿ ಒಬ್ಬರು ನಿಂತಿರಿ. ಮೊದಲು ಡಾಕ್ಟರನ್ನು ಕೇಳಿ.

ತೊಂದರೆ ಇರುವುದು ಐದನೆಯ ದಿನಕ್ಕೆ. ಕೇಳುವವರಿಲ್ಲದಿದ್ದರೆ ಯಾರೂ ಮುಂದುವರಿಸುವುದಿಲ್ಲ. ಅದಕ್ಕಾಗಿ ವಾರವಾರ ಬೆಳಗಾವಿಗೆ ಬಸ್ ಹತ್ತಿಸುವುದು ಆಗದ ಮಾತು. ಬರೀ ಆ್ಯಪ್ ಕೊಟ್ಟರೂ ಸಾಲದು. "ನಿನ್ನೆ ಎಷ್ಟು ಹೊತ್ತು ಅಡ್ಡಾಡಿದ್ರಿ?" ಎಂದು ನಮ್ಮ ಕಡೆಯ ಕನ್ನಡದಲ್ಲಿ ಕೇಳುವ ದನಿ ಬೇಕು. ಡಾಕ್ಟರ ಸಲಹೆ ಇ-ಸಂಜೀವಿನಿಯಲ್ಲಿ ಮನೆಗೇ ಬರುತ್ತಿರುವಾಗ, ವ್ಯಾಯಾಮ ಯಾಕೆ ಬರಬಾರದು?

ನಮ್ಮ ಬೇಡಿಕೆ ಇಷ್ಟೇ: ಮೂರೂ ತಾಲೂಕುಗಳಿಗೆ ಒಬ್ಬೊಬ್ಬ ಫಿಜಿಯೋಥೆರಪಿಸ್ಟ್, ವಾರಕ್ಕೆರಡು ದಿನ ಒಂದೊಂದು ತಾಸು ವಿಡಿಯೋ ಕರೆಯಲ್ಲಿ ಸಿಗಬೇಕು. 1969ರಲ್ಲೇ ಸಹಕಾರ ಸಂಘ ಕಟ್ಟಿ ಮನೆಮನೆಗೆ ಕರೆಂಟು ತಂದ ನಾಡು ಹುಕ್ಕೇರಿ. ಘಟಪ್ರಭಾದಲ್ಲಿ ಸಹಕಾರಿ ಆಸ್ಪತ್ರೆಯೇ ಇದೆ. ಒಂದು ಫೋನ್ ಕರೆ ನಮಗೆ ಭಾರವಲ್ಲ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇಂಥ ಹಿರಿಯರಿದ್ದರೆ ಈ ಹಾಳೆಯನ್ನು ತಾಲೂಕು ಆಸ್ಪತ್ರೆಗೆ ಒಯ್ದು, ಇದೇ ಬೇಡಿಕೆಯ ಅರ್ಜಿ ಕೊಡಿ. ಬರುವ ಏಪ್ರಿಲ್ 11 ವಿಶ್ವ ಪಾರ್ಕಿನ್ಸನ್ ದಿನ. ಅಷ್ಟರೊಳಗೆ ಮೊದಲ ಕರೆ ಬರುವಂತೆ ಮಾಡೋಣ.