ಯಂತ್ರದ ಉತ್ತರಕ್ಕೆ ಸಹಿ ಯಾರದು?



ಕನಿಷ್ಠ ಕೂಲಿ ಎಷ್ಟೆಂದು ಕೇಳಿದರೆ ‘ಫೋನಿನ ಎಐಯನ್ನು ಕೇಳಿಕೊಳ್ಳಿ’ ಎನ್ನುವವರು ಹೆಚ್ಚಿದ್ದಾರೆ. ಆ ಯಂತ್ರ ಕನ್ನಡದಲ್ಲಿ ನಯವಾಗಿ ಉತ್ತರಿಸುತ್ತದೆ, ಸರಿ. ಗೊತ್ತಿಲ್ಲದ್ದನ್ನೂ ಅಷ್ಟೇ ನಯವಾಗಿ ಹೆಣೆದುಬಿಡುತ್ತದೆ. ತಪ್ಪಿದರೆ ಹಿಡಿದು ಕೇಳುವುದು ಯಾರನ್ನು?

2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹಾಗಲ್ಲ. ಸರಕಾರಿ ಕಚೇರಿಯ ಮಾಹಿತಿ ಅಧಿಕಾರಿ 30 ದಿನದೊಳಗೆ ಉತ್ತರಿಸಬೇಕು. ಬಡತನ ರೇಖೆಯ ಕೆಳಗಿನವರಿಗೆ ಶುಲ್ಕವಿಲ್ಲ. ಬರೆಯಲು ಬಾರದವರ ಬಾಯಿಮಾತನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕು.

ಆದರೆ ಅರ್ಜಿ ಇಂಗ್ಲಿಷ್, ಹಿಂದಿ ಇಲ್ಲವೇ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕಂತೆ! 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದ ಆದೋನಿ, ಆಲೂರಿನ ನಾವು ಕನ್ನಡಿಗರು ಏನು ಮಾಡೋಣ? ಸಂವಿಧಾನದ 350ನೇ ವಿಧಿ ದೂರನ್ನು ಕನ್ನಡದಲ್ಲೇ ಕೊಡಬಿಡುತ್ತದೆ. ಮಾಹಿತಿ ಕೇಳುವುದಕ್ಕೆ ಮಾತ್ರ ಬೇಲಿಯೇಕೆ?

ಬೇಲಿ ಬೀಳುವವರೆಗೆ ಯಂತ್ರ ನಮ್ಮ ಅರ್ಜಿಯನ್ನು ತೆಲುಗು ಮಾಡಿಕೊಡಲಿ, ತೆಲುಗು ಬಲ್ಲವರೊಬ್ಬರು ಓದಿ ನೋಡಲಿ. ಉತ್ತರ ಮಾತ್ರ ಕಚೇರಿಯಿಂದಲೇ, ಸಹಿಯೊಡನೆ ಬರಬೇಕು.