ಮರೆಯಾಗಲಿಲ್ಲ, ಕೆಡವಿದರು

ಜಾಜ್ ಬಗ್ಗೆ ಬರೆಯಲು ಕೂತಾಗ ನಮಗೊಂದು ಚಟ. ಹೊಗೆ ತುಂಬಿದ ಕ್ಲಬ್ಬು, ನಡುರಾತ್ರಿಯ ಪಿಯಾನೊ, ಎರಡು ಮೂರು ದೊಡ್ಡ ಹೆಸರು, ಕೊನೆಗೆ ‘ಆ ಕಾಲ ಮರೆಯಾಯಿತು’ ಎಂದೊಂದು ನಿಟ್ಟುಸಿರು. ಪಿಟ್ಸ್‌ಬರ್ಗಿನ ಹಿಲ್ ಡಿಸ್ಟ್ರಿಕ್ಟ್ ಕುರಿತು ಹಿಂದೊಮ್ಮೆ ನಾನೂ ಹೀಗೇ ಬರೆದೆ. ಓದಿದವರು ಮೆಚ್ಚಿದರು. ಈಗ ಓದಿದರೆ ನಾಚಿಕೆಯಾಗುತ್ತದೆ. ಮರೆಯಾಗುವುದಕ್ಕೆ ಅದೇನು ಸಂಜೆಯ ಸೂರ್ಯನೇ?

ಅಲ್ಲಿ ಆದದ್ದಕ್ಕೆ ತಾರೀಖಿದೆ, ಲೆಕ್ಕವಿದೆ, ಸಹಿಗಳಿವೆ. 1956ರಲ್ಲಿ ನಗರಾಡಳಿತ ಕೇಂದ್ರ ಸರ್ಕಾರದ ಹಣದಲ್ಲಿ ಲೋವರ್ ಹಿಲ್ ಕೆಡವಲು ಶುರುಮಾಡಿತು. ಸುಮಾರು 95 ಎಕರೆ, 1,300 ಕಟ್ಟಡ, 400ಕ್ಕೂ ಹೆಚ್ಚು ಅಂಗಡಿ ವ್ಯವಹಾರ. ಒಕ್ಕಲೆಬ್ಬಿಸಿದ್ದು ಸುಮಾರು 8,000 ಜನರನ್ನು, ಹೆಚ್ಚಿನವರು ಕಪ್ಪುಜನ. ಅದಕ್ಕೂ ಮೊದಲೇ, 1943ರಲ್ಲಿ, ಜಾರ್ಜ್ ಇವಾನ್ಸ್ ಎಂಬ ನಗರಸಭಾ ಸದಸ್ಯ ಬರೆದಿದ್ದರು: ಅಲ್ಲಿನ ನೂರಕ್ಕೆ ತೊಂಬತ್ತು ಕಟ್ಟಡಗಳ ಆಯುಸ್ಸು ಮುಗಿದಿದೆ, ಅವನ್ನೆಲ್ಲ ಕೆಡವಿದರೂ ಸಮಾಜಕ್ಕೆ ನಷ್ಟವೇನಿಲ್ಲ ಎಂದು. ಆ ‘ಸಮಾಜ’ದಲ್ಲಿ ಯಾರಿದ್ದರು, ಯಾರಿರಲಿಲ್ಲ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ನಷ್ಟವಾದದ್ದು ಏನೆಂದು ನೋಡಬೇಕಾದರೆ ಟೀನಿ ಹ್ಯಾರಿಸ್‌ನ ಫೋಟೊಗಳನ್ನು ನೋಡಿ. ‘ಪಿಟ್ಸ್‌ಬರ್ಗ್ ಕೊರಿಯರ್’ ಪತ್ರಿಕೆಯ ಈ ಛಾಯಾಗ್ರಾಹಕ ಬಿಟ್ಟುಹೋದ ನೆಗೆಟಿವ್‌ಗಳೇ ಸುಮಾರು 80,000. ಲೀನಾ ಹಾರ್ನ್ ಇದ್ದಾಳೆ, ಡ್ಯೂಕ್ ಎಲಿಂಗ್ಟನ್ ಇದ್ದಾನೆ, ನಿಜ. ಆದರೆ ಅವರಿಗಿಂತ ಹೆಚ್ಚಾಗಿ ಮದುವೆಗಳಿವೆ, ಬೇಸ್‌ಬಾಲ್ ಆಡುವ ಹುಡುಗರು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಚರ್ಚಿಗೆ ಹೊರಟ ಹೆಂಗಸರು, ಅಂಗಡಿ ಬಾಗಿಲಲ್ಲಿ ನಿಂತ ಮಾಲೀಕರು. ನಾವು ಕ್ಲಬ್ಬನ್ನಷ್ಟೇ ಕಿತ್ತು ತೆಗೆದು ಕೊಂಡಾಡುತ್ತೇವೆ. ವೈಲಿ ಅವೆನ್ಯೂದಲ್ಲಿ ಕ್ಲಬ್ಬು ಬೇರೆ, ಬೀದಿ ಬೇರೆ ಇರಲಿಲ್ಲ. ಕ್ರಾಫರ್ಡ್ ಗ್ರಿಲ್ ನಡೆಸುತ್ತಿದ್ದ ಗಸ್ ಗ್ರೀನ್‌ಲೀಯೇ ಬೇಸ್‌ಬಾಲ್ ತಂಡವೊಂದರ ಒಡೆಯ; ನಮ್ಮ ಮಟ್ಕಾದಂಥ ನಂಬರ್ ಆಟದ ದೊರೆಯೂ ಅವನೇ; ಬ್ಯಾಂಕು ಸಾಲ ಕೊಡದವರಿಗೆ ಸಾಲ ಕೊಟ್ಟವನೂ ಅವನೇ. ಸಂತನೇನಲ್ಲ. ಕಪ್ಪು ಸಂಗೀತಗಾರರಿಗೆ ಪ್ರತ್ಯೇಕವಾಗಿದ್ದ ಯೂನಿಯನ್ನಿಗೆ ಅಲ್ಲೇ ಒಂದು ಕ್ಲಬ್ಬಿತ್ತು. ಬೇರೆಡೆ ದುಡ್ಡಿಗೆ ನುಡಿಸಿ ಬಂದವರು ಅಲ್ಲಿ ತಮ್ಮ ಖುಷಿಗೆ ನುಡಿಸುತ್ತಿದ್ದರು, ಎಳೆಯರು ಕೂತು ಕಲಿಯುತ್ತಿದ್ದರು. ಅಂಥ ಪಾಠಶಾಲೆಯನ್ನು ಇನ್ನೊಂದೆಡೆ ಎತ್ತಿಡಲು ಬರುತ್ತದೆಯೇ?

‘ಆದರೆ ಆ ಮನೆಗಳು ಹಾಳುಬಿದ್ದಿದ್ದವಲ್ಲ’ ಎನ್ನುವವರಿದ್ದಾರೆ. ಬಿದ್ದಿದ್ದವು. ಎಷ್ಟೋ ಮನೆಗಳಲ್ಲಿ ನಲ್ಲಿ, ಶೌಚಾಲಯ ಇರಲಿಲ್ಲ. 1930ರ ದಶಕದ ಸರ್ಕಾರಿ ಸಾಲದ ನಕ್ಷೆಯಲ್ಲಿ ಹಿಲ್‌ಗೆ ಕೆಂಪು ಬಣ್ಣ, ಎಂದರೆ ಇಲ್ಲಿ ಸಾಲ ಕೊಡುವುದು ಅಪಾಯ ಎಂದು. ರಿಪೇರಿಗೆ ದುಡ್ಡು ಹುಟ್ಟದಂತೆ ಮಾಡಿ, ಆಮೇಲೆ ರಿಪೇರಿಯಾಗಿಲ್ಲ ಎಂದು ಕೆಡವುವುದು ಯಾವ ನ್ಯಾಯ? ಅಲ್ಲದೆ ಎಲ್ಲವನ್ನೂ ಕೆಡವಲಿಲ್ಲ ಕೂಡ. 1808ರಷ್ಟು ಹಳೆಯದಾದ ಬೆತೆಲ್ ಎಂಬ ಕಪ್ಪುಜನರ ಸಭೆಯ ಚರ್ಚನ್ನು 1957ರಲ್ಲಿ ಉರುಳಿಸಿದರು. ಅದೇ ಲೋವರ್ ಹಿಲ್‌ನ ಎಪಿಫನಿ ಎಂಬ ಕ್ಯಾಥೊಲಿಕ್ ಚರ್ಚು ಇವತ್ತಿಗೂ ನಿಂತಿದೆ.

ಇನ್ನೊಂದು ವಾದ ಇದಕ್ಕಿಂತ ಜಾಣತನದ್ದು. ಟಿವಿ ಬಂತು, ವರ್ಣಭೇದ ಸಡಿಲವಾಯಿತು, ಜನ ಬೇರೆಡೆ ಹೋದರು, ಕ್ಲಬ್ಬುಗಳು ಹೇಗೂ ಮುಚ್ಚುತ್ತಿದ್ದವು ಎಂದು. ಮೊದಲ ಕ್ರಾಫರ್ಡ್ ಗ್ರಿಲ್ ಬೆಂಕಿಗೆ ಸಿಕ್ಕಿದ್ದು 1951ರಲ್ಲಿ, ಅದನ್ನು ಸರ್ಕಾರದ ತಲೆಗೆ ಕಟ್ಟುವುದಿಲ್ಲ. ಆದರೆ ಅದೇ ಬೀದಿಯಲ್ಲಿ ಇನ್ನಷ್ಟು ಮೇಲೆ, ಬುಲ್ಡೋಜರ್ ಮುಟ್ಟದ ಕಡೆ, ಎರಡನೆಯ ಕ್ರಾಫರ್ಡ್ ಗ್ರಿಲ್ ಇತ್ತು. ಕೋಲ್ಟ್ರೇನ್ ನುಡಿಸಿದ ಜಾಗ. ಅದು ಬಾಗಿಲು ಹಾಕಿದ್ದು 2003ರಲ್ಲಿ! ಸುತ್ತಲಿನ ಊರನ್ನೇ ಕಳೆದುಕೊಂಡ ಮೇಲೂ ನಲವತ್ತಕ್ಕೂ ಹೆಚ್ಚು ವರ್ಷ.

ಕೆಡವಿದ ಜಾಗದಲ್ಲಿ ಕಟ್ಟಿದ್ದೇನು? ನಗುವಿರಿ: ಸಂಸ್ಕೃತಿಗೆಂದೇ ಒಂದು ಭವನ. ತೆರೆದು ಮುಚ್ಚುವ ಉಕ್ಕಿನ ಗುಮ್ಮಟ, ಕೆಳಗೆ ಸಂಗೀತನಾಟಕ. 1961ರಲ್ಲಿ ಉದ್ಘಾಟನೆ. ಒಳಗೆ ದನಿ ಸರಿಯಾಗಿ ಕೇಳುತ್ತಿರಲಿಲ್ಲ, ಸಂಗೀತನಾಟಕದವರು ಕೆಲವೇ ವರ್ಷಗಳಲ್ಲಿ ಬೇರೆಡೆ ಹೋದರು, ಹಾಕಿ ಉಳಿಯಿತು. ಸುತ್ತಲೂ ದಶಕಗಟ್ಟಲೆ ಕಾರು ನಿಲ್ಲಿಸುವ ಬಯಲು. ಕೊನೆಗೆ ಗುಮ್ಮಟವನ್ನೂ 2012ರ ಹೊತ್ತಿಗೆ ಕೆಡವಿ ಮುಗಿಸಿದರು.

ಅಲ್ಲಿನವರು ಇದನ್ನು ‘ಕಾಲದ ಆಟ’ ಎಂದುಕೊಂಡವರಲ್ಲ. ಹಿಲ್‌ನಲ್ಲೇ ಹುಟ್ಟಿದ ಆಗಸ್ಟ್ ವಿಲ್ಸನ್‌ನ ‘ಟೂ ಟ್ರೇನ್ಸ್ ರನ್ನಿಂಗ್’ ನಾಟಕದಲ್ಲಿ, ಕೆಡವಲು ಗುರುತು ಹಾಕಿದ ಹೋಟೆಲಿನ ಮಾಲೀಕ ಮೆಂಫಿಸ್ ಅಳುತ್ತ ಕೂರುವುದಿಲ್ಲ, ನಗರಾಡಳಿತ ತಾನು ಹೇಳಿದ ಬೆಲೆ ಕೊಡಲೇಬೇಕೆಂದು ಪಟ್ಟು ಹಿಡಿಯುತ್ತಾನೆ. 1960ರ ದಶಕದಲ್ಲಿ ಬುಲ್ಡೋಜರ್ ಇನ್ನೂ ಮೇಲಕ್ಕೆ ಹತ್ತುವ ಸೂಚನೆ ಕಂಡಾಗ, ಸೆಂಟರ್ ಅವೆನ್ಯೂ ಮತ್ತು ಕ್ರಾಫರ್ಡ್ ಬೀದಿ ಕೂಡುವಲ್ಲಿ ಜನ ಒಂದು ದೊಡ್ಡ ಫಲಕ ನಿಲ್ಲಿಸಿದರು, ಇಲ್ಲಿಂದಾಚೆ ಕೆಡವಕೂಡದು ಎಂದು. ಬುಲ್ಡೋಜರ್ ಅಲ್ಲಿಗೇ ನಿಂತಿತು.

ನನ್ನ ಹಳೆಯ ಲೇಖನದಲ್ಲಿ ಹೊಗೆಯಿದೆ, ಪಿಯಾನೊ ಇದೆ. ಆ ಫಲಕ ಇಲ್ಲ.