ಹೊಲ ಮಾರಿದ್ದು ಕನ್ನಡದಲ್ಲಿ, ಮನೆ ಕೊಳ್ಳುವುದು ಯಾವ ಭಾಷೆಯಲ್ಲಿ?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಿಂದ ಹೊರಟು ಬೆಂಗಳೂರು ಸೇರಿರುವ ಕನ್ನಡದ ತರುಣ ತರುಣಿಯರೇ, ಈ ಮಾತು ನಿಮಗೆ. ಬಾಡಿಗೆ ಮನೆಗಳಲ್ಲಿ ವರ್ಷಗಟ್ಟಲೆ ಕಳೆದಿದ್ದೀರಿ. ಈಗ ಕೈಯಲ್ಲಿ ನಾಲ್ಕು ಕಾಸು ಆಡುತ್ತಿದೆ. ಐಷಾರಾಮಿ ಫ್ಲ್ಯಾಟೋ, ವಿಲ್ಲಾನೋ ಎಂದು ಭಾನುವಾರ ಬಂತೆಂದರೆ ಸುತ್ತಾಡಿ ನೋಡಿಕೊಂಡು ಬರುತ್ತಿದ್ದೀರಿ. ಕೊಳ್ಳಿ! ಖಂಡಿತ ಕೊಳ್ಳಿ! ಕನ್ನಡಿಗನಾದವನು ಕನ್ನಡ ನಾಡಿನ ರಾಜಧಾನಿಯಲ್ಲಿ ಬಾಡಿಗೆದಾರನಾಗಿಯೇ ಸಾಯಬೇಕೆಂದು ಯಾವ ಶಾಸ್ತ್ರ ಹೇಳಿದೆ? ಒಳ್ಳೆಯ ಮನೆಯಲ್ಲಿ ಬಾಳುವ ಆಸೆ ಪಾಪವಲ್ಲ. ಊರಿಗೆ ಹಿಂದಿರುಗಿ ಎಮ್ಮೆ ಕಟ್ಟಿರೆಂದು ಉಪದೇಶ ಮಾಡುವವರು ನಾವಲ್ಲ.

ಆದರೆ ನೀವು ಹೋಲಿಸುತ್ತಿರುವುದು ಏನನ್ನು? ಈಜುಕೊಳ ಯಾರದು ದೊಡ್ಡದು, ಜಿಮ್ ಎಷ್ಟನೇ ಮಹಡಿಯಲ್ಲಿದೆ, ನೆಲಕ್ಕೆ ಇಟಲಿಯ ಕಲ್ಲೋ ರಾಜಸ್ಥಾನದ ಕಲ್ಲೋ, ಕಿಟಕಿಯಿಂದ ಕೆರೆ ಕಾಣುತ್ತದೋ ಇಲ್ಲವೋ! ನಿಮ್ಮ ಹೋಲಿಕೆಯ ಪಟ್ಟಿಯಲ್ಲಿ ಇಪ್ಪತ್ತು ಸಾಲುಗಳಿವೆ. ಒಂದು ಸಾಲು ಮಾತ್ರ ಇಲ್ಲ: ಮನೆಯ ಕರಾರುಪತ್ರ ಯಾವ ಭಾಷೆಯಲ್ಲಿದೆ? ಅದನ್ನು ನಿಮ್ಮ ಮನೆಯಲ್ಲಿ ಯಾರು ಯಾರು ಓದಬಲ್ಲರು?

ಎರಡು ಕಾಗದ, ಎರಡು ನ್ಯಾಯ

ಕೋಟಿ ರೂಪಾಯಿಯ ಮನೆಗೆ ಸಂಬಳ ಒಂದೇ ಸಾಲುವುದಿಲ್ಲ. ಬ್ಯಾಂಕು ಸಾಲ ಕೊಟ್ಟರೂ ಮೊದಲ ಕಂತನ್ನು ನೀವೇ ಹೊಂದಿಸಬೇಕು. ಆಗ ನೆನಪಾಗುವುದು ಯಾವುದು? ಹಾನಗಲ್ಲಿನ ಭತ್ತದ ಗದ್ದೆ, ಮಾವಿನ ತೋಪು. ಹಿರೇಕೆರೂರಿನ ಹತ್ತಿ ಹೊಲ. ಸವಣೂರಿನ ಎಲೆಬಳ್ಳಿಯ ತೋಟ. ಮೊದಲು ಕೃಷಿ ಭೂಮಿ ಕೊಳ್ಳುವವನು ಕೃಷಿಕನಾಗಿರಬೇಕಿತ್ತು. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಂದ ತಿದ್ದುಪಡಿಯ ನಂತರ ಹಣವಿದ್ದ ಯಾರು ಬೇಕಾದರೂ ಕೊಳ್ಳಬಹುದು. ಹೀಗಾಗಿ ಹೊಲ ಮಾರುವುದು ಸುಲಭವಾಗಿದೆ. ಮಾರಿದ್ದನ್ನು ಮರಳಿ ಪಡೆಯುವುದು ಮಾತ್ರ ಎಂದಿಗಿಂತ ಕಷ್ಟ.

ಆ ಹೊಲ ಮಾರುವಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ದಸ್ತಾವೇಜು ಬರೆಯುವವನು ಖರೀದಿ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಾನೆ. ಸರ್ವೆ ನಂಬರು, ಎಕರೆ, ಗುಂಟೆ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ದಾರಿ, ಎಲ್ಲವೂ ಕನ್ನಡದಲ್ಲಿ. ಉತಾರ ಕನ್ನಡದಲ್ಲಿ. ನಿಮ್ಮ ಅಪ್ಪ ಅದನ್ನು ಓದುತ್ತಾರೆ. ಓದಲು ಬಾರದಿದ್ದರೆ ಓದಿಸಿ ಕೇಳುತ್ತಾರೆ. ಬದುವಿನ ಬೇವಿನ ಮರ ಬಿಟ್ಟುಹೋಗಿದ್ದರೆ "ತಡೀರಿ, ಆ ಗಿಡ ಯಾಕ ಬರದಿಲ್ಲ?" ಎಂದು ಎದ್ದು ನಿಲ್ಲುತ್ತಾರೆ. ಅಲ್ಲಿ ಅವರು ಯಜಮಾನರು!

ಅದೇ ಅಪ್ಪನನ್ನು ನೀವು ಬೆಂಗಳೂರಿಗೆ ಕರೆಸುತ್ತೀರಿ. ಸಾಲಕ್ಕೆ ಅವರೂ ಸಹ ಅರ್ಜಿದಾರರು. ಇಲ್ಲವೇ ನೀವು ಅಮೆರಿಕದಲ್ಲೋ ದುಬೈಯಲ್ಲೋ ಕುಳಿತು ಅವರ ಹೆಸರಿಗೆ ಮುಖತ್ಯಾರ ಪತ್ರ ಕಳಿಸುತ್ತೀರಿ. ಹವಾನಿಯಂತ್ರಿತ ಕೋಣೆಯಲ್ಲಿ ಅವರ ಮುಂದೆ ಇಂಗ್ಲಿಷ್ ಪುಟಗಳ ದಪ್ಪ ಕಟ್ಟೊಂದು ಬಂದು ಕೂರುತ್ತದೆ. ಪುಟಪುಟಕ್ಕೂ ಪೆನ್ಸಿಲ್ ಗುರುತು. "ಇಲ್ಲಿ ಸಹಿ ಮಾಡಿ ಸಾರ್, ಇಲ್ಲಿ, ಇಲ್ಲಿ."

"ಏನ್ ಬರದಾರೋ ತಮ್ಮಾ ಇದರಾಗ?" ಎಂದು ಅಪ್ಪ ಕೇಳಿದರೆ ನೀವು ಏನು ಹೇಳುತ್ತೀರಿ? "ಎಲ್ಲಾ ಬರೋಬ್ಬರಿ ಐತಿ, ಸಹಿ ಮಾಡ್ರಿ ಅಪ್ಪಾ." ಎದೆ ಮುಟ್ಟಿ ಹೇಳಿ, ನೀವಾದರೂ ಓದಿದ್ದೀರಾ? ಹೊಲದ ಬದುವಿನ ಮರಕ್ಕೆ ಹೋರಾಡಿದ ಮನುಷ್ಯ, ಹೊಲದ ಇಡೀ ಬೆಲೆಯನ್ನು ಕೊಡುವಾಗ ಮೂಕನಾಗಿ ಕುಳಿತಿದ್ದಾನೆ. ಅವರನ್ನು ಮೂಕರನ್ನಾಗಿ ಮಾಡಿದ್ದು ಬಡತನವಲ್ಲ, ದಡ್ಡತನವೂ ಅಲ್ಲ. ಅವರ ನಾಡಿನಲ್ಲೇ ಅವರ ಭಾಷೆಯನ್ನು ಬಾಗಿಲಾಚೆ ನಿಲ್ಲಿಸಿದ ವ್ಯವಸ್ಥೆ, ಮತ್ತು ಅದಕ್ಕೆ ತಲೆಯಾಡಿಸಿದ ನಮ್ಮ ಅಭಿಮಾನಶೂನ್ಯತೆ!

ಗುಂಟೆಯ ಲೆಕ್ಕ ಗೊತ್ತಿದ್ದವರಿಗೆ ಚದರಡಿಯ ಮಂಕುಬೂದಿ

ಇದು ಬರೀ ಅಭಿಮಾನದ ಮಾತಲ್ಲ. ಭಾಷೆ ತಿಳಿಯದ ಕಡೆ ಲೆಕ್ಕವೂ ತಪ್ಪುತ್ತದೆ. ಒಂದು ಎಕರೆ ಎಂದರೆ 40 ಗುಂಟೆ, 43,560 ಚದರಡಿ. ಒಂದು ಗುಂಟೆ 1,089 ಚದರಡಿ. ಇದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಈಗ ನೀವು ನೋಡಿದ ಫ್ಲ್ಯಾಟಿನ ಲೆಕ್ಕ ಹಾಕಿ. 4 ಎಕರೆಯಲ್ಲಿ 300 ಮನೆಗಳ ಗೋಪುರಗಳಿವೆ ಎಂದಿಟ್ಟುಕೊಳ್ಳಿ. ಭೂಮಿಯನ್ನು ಎಲ್ಲರಿಗೂ ಸಮನಾಗಿ ಹಂಚಿದರೆ ನಿಮ್ಮ ಪಾಲಿಗೆ ಬರುವುದು ಸುಮಾರು 581 ಚದರಡಿ. ಅಂದರೆ ಅರ್ಧ ಗುಂಟೆಗಿಂತ ತುಸು ಹೆಚ್ಚು. ಅದೂ ಬೇಲಿ ಹಾಕಿಕೊಳ್ಳುವ ಪಾಲಲ್ಲ, ಎಂದೂ ಬಿಡಿಸಿ ಕೊಡದ ಅವಿಭಜಿತ ಪಾಲು. ಎಕರೆಗಟ್ಟಲೆ ಮಾರಿ ಅರ್ಧ ಗುಂಟೆ! ಅಪ್ಪನಿಗೆ ಇದನ್ನು ಕನ್ನಡದಲ್ಲಿ ಹೇಳಿದ್ದರೆ ಅವರು ಇನ್ನೆರಡು ಪ್ರಶ್ನೆ ಕೇಳುತ್ತಿರಲಿಲ್ಲವೇ?

ಇನ್ನು ಮನೆಯ ಅಳತೆ. ನಮ್ಮ ಕಡೆ ಮನೆಯನ್ನು ಅಂಕಣದ ಲೆಕ್ಕದಲ್ಲಿ ಅಳೆಯುತ್ತಿದ್ದರು. ಕಂಬ ಎಣಿಸಿದರೆ ಸಾಕು, ಯಾರೂ ಮೋಸ ಮಾಡಲಾರರು. ಇಲ್ಲಿ "ಸೂಪರ್ ಬಿಲ್ಟ್ ಅಪ್" ಎಂಬ ಹೆಸರಿನಲ್ಲಿ ಮೆಟ್ಟಿಲು, ಲಿಫ್ಟು, ಮೊಗಸಾಲೆ, ಕ್ಲಬ್ಬಿನ ಪಾಲು ಎಲ್ಲವನ್ನೂ ನಿಮ್ಮ ಮನೆಯ ಅಳತೆಗೆ ಸೇರಿಸಿ ಹೇಳುತ್ತಾರೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಜನ ರೇರಾ ಎಂದು ಕರೆಯುವ ಕಾಯ್ದೆ, ಮುಖ್ಯವಾಗಿ ನೋಡುವುದು ಕಾರ್ಪೆಟ್ ಏರಿಯಾವನ್ನು. ಹೊರಗೋಡೆ, ಬಾಲ್ಕನಿ ಬಿಟ್ಟು ನೀವು ಬಳಸಬಲ್ಲ ನೆಲ ಅದು. ಎರಡು ಮನೆಗಳನ್ನು ಹೋಲಿಸುವಾಗ ಆ ಒಂದೇ ಅಳತೆಗೆ ಬೆಲೆಯನ್ನು ಭಾಗಿಸಿ ನೋಡಿ. ಅಗ್ಗವೆಂದುಕೊಂಡದ್ದು ದುಬಾರಿಯಾಗಿ, ದುಬಾರಿಯೆಂದುಕೊಂಡದ್ದು ಅಗ್ಗವಾಗಿ ಕಂಡೀತು.

ಬೆಲೆಯ ಮೇಲಿನ ಬೆಲೆಯನ್ನೂ ಸೇರಿಸಿ. 1.5 ಕೋಟಿಯ ಮನೆ ಇನ್ನೂ ಕಟ್ಟುತ್ತಿರುವಾಗ ಕೊಂಡರೆ ಶೇ. 5ರ ಜಿಎಸ್‌ಟಿ ಎಂದು 7.5 ಲಕ್ಷ. ಕಟ್ಟಿ ಮುಗಿದು ಪೂರ್ಣತಾ ಪ್ರಮಾಣಪತ್ರ ಸಿಕ್ಕ ಮೇಲೆ ಕೊಂಡರೆ ಆ ತೆರಿಗೆ ಇಲ್ಲ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ, ಅಂದರೆ 3 ಲಕ್ಷ. ಇಷ್ಟು ತೆತ್ತ ಮೇಲೂ ಕೈಗೆ ಬಂದ ಕಾಗದ ಅಪ್ಪನಿಗೆ ಓದಲು ಬಾರದು!

ಟ್ರ್ಯಾಕ್ಟರು ಬಂದ ದಿನ

ಐಷಾರಾಮವೆಂದರೆ ಏನೆಂದು 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಳೆ ಹೇಳಿಕೊಟ್ಟಿತು. ಯಮಲೂರು, ಸರ್ಜಾಪುರ ರಸ್ತೆಯ ಕೋಟಿ ಕೋಟಿ ಬೆಲೆಯ ವಿಲ್ಲಾಗಳಿಗೆ ನೀರು ನುಗ್ಗಿತು. ವಿದೇಶಿ ಕಾರುಗಳು ಮುಳುಗಿ ನಿಂತವು. ಆ ಮನೆಗಳವರನ್ನು ಹೊರತಂದದ್ದು ಯಾವುದು? ದೋಣಿ ಮತ್ತು ಟ್ರ್ಯಾಕ್ಟರು! ಹಿರೇಕೆರೂರಿನ ಹೊಲದಲ್ಲಿ ಕೆಸರು ತುಳಿಯುವ ಅದೇ ಟ್ರ್ಯಾಕ್ಟರು. ನೀರಿನ ದಾರಿಯನ್ನು ಮುಚ್ಚಿ ಮನೆ ಕಟ್ಟಿದರೆ ನೀರು ಕರಾರುಪತ್ರ ಓದಿಕೊಂಡು ಬರುವುದಿಲ್ಲ.

2024ರ ಬೇಸಿಗೆಯಲ್ಲಿ ಅದರ ಉಲ್ಟಾ. ಕೊಳವೆಬಾವಿ ಬತ್ತಿದವು. ಟ್ಯಾಂಕರು ನೀರಿಗೆ ಸರ್ಕಾರವೇ ದರ ಕಟ್ಟಬೇಕಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ಈಜುಕೊಳ ತೋರಿಸಿ ಮನೆ ಮಾರಿದವರು ಆಗ ಎಲ್ಲಿದ್ದರು? ಆದ್ದರಿಂದ ಮೊದಲ ಪ್ರಶ್ನೆ ಈಜುಕೊಳದ್ದಲ್ಲ. ಕಾವೇರಿ ನೀರಿನ ಸಂಪರ್ಕ ಇದೆಯೋ, ಬರುತ್ತದೆಂಬ ಮಾತು ಮಾತ್ರ ಇದೆಯೋ? ರಾಜಕಾಲುವೆ ಎಷ್ಟು ದೂರ? ಹಳೆಯ ಕಂದಾಯ ನಕ್ಷೆಯಲ್ಲಿ ಆ ಜಾಗ ಕೆರೆಯಂಗಳವೋ, ಹಳ್ಳವೋ? ಆ ನಕ್ಷೆ ಓದಲು ಕನ್ನಡ ಬೇಕು. ಆ ಊರಿನ ಹಿರಿಯರನ್ನು ಕೇಳಲೂ ಕನ್ನಡವೇ ಬೇಕು. ಅದು ನಿಮ್ಮಲ್ಲಿದೆ! ಹೊರಗಿನಿಂದ ಬಂದ ಯಾವ ಶ್ರೀಮಂತನಿಗೂ ಇಲ್ಲದ ಬಂಡವಾಳ ಅದು. ಅದನ್ನು ಬಳಸದೆ ಬ್ರೋಷರು ನಂಬುತ್ತೀರಲ್ಲ!

ಪುಣೆಯಲ್ಲಿ ತಲೆ ಬಾಗಿದವರು ಬೆಂಗಳೂರಲ್ಲೇಕೆ ಬಾಯಿ ಮುಚ್ಚಿದಿರಿ?

ನಿಮ್ಮಲ್ಲಿ ಕೆಲವರು ಬೆಂಗಳೂರು ಬೇಡ, ಪುಣೆಯಲ್ಲಿ ಕೊಳ್ಳೋಣವೆಂದು ಯೋಚಿಸುತ್ತಿದ್ದೀರಿ. ಶಿಗ್ಗಾವಿಯ ಮೇಲೆ ಹಾದುಹೋಗುವ ಹೆದ್ದಾರಿ ಎರಡೂ ಕಡೆ ಒಯ್ಯುತ್ತದೆ. ಕೊಳ್ಳಿ, ಸಂತೋಷ. ಅಲ್ಲಿ ನೋಂದಣಿಯಾದ ಮೇಲೆ ಕೈಗೆ ಬರುವ ಸೂಚಿ-2 ಎಂಬ ಪತ್ರ ಮರಾಠಿಯಲ್ಲಿರುತ್ತದೆ. ಅಲ್ಲಿ ಹೋದ ನಮ್ಮ ಹುಡುಗರು ಯಾರೂ ಗೊಣಗುವುದಿಲ್ಲ. ಅದು ಆ ನೆಲದ ಭಾಷೆ, ಮರ್ಯಾದೆ ಕೊಡುತ್ತಾರೆ. ಕೊಡಬೇಕಾದದ್ದೇ. ನಮ್ಮ ಜಗಳ ಮರಾಠಿಗರ ಜೊತೆಗಲ್ಲ, ಯಾವ ಭಾಷಿಕರ ಜೊತೆಗೂ ಅಲ್ಲ. ನಮ್ಮ ಪ್ರಶ್ನೆ ಇಷ್ಟೇ: ಪುಣೆಯಲ್ಲಿ ಆ ನೆಲದ ಭಾಷೆಗೆ ಕೊಡುವ ಮರ್ಯಾದೆಯನ್ನು ಬೆಂಗಳೂರಿನಲ್ಲಿ ಈ ನೆಲದ ಭಾಷೆಗೆ ಏಕೆ ಕೇಳುವುದಿಲ್ಲ?

ಹುಬ್ಬಳ್ಳಿ-ಧಾರವಾಡವನ್ನೂ ಪಟ್ಟಿಗೆ ಸೇರಿಸಿ. ಶಿಗ್ಗಾವಿಯಿಂದ ಸುಮಾರು ಒಂದು ಗಂಟೆಯ ದಾರಿ. ಅಪ್ಪ ಅವ್ವನಿಗೆ ಜ್ವರ ಬಂದರೆ ರಾತ್ರಿಯೇ ಊರು ಮುಟ್ಟಬಹುದು. ಬೆಂಗಳೂರಿನಿಂದಾದರೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಕೆಲಸ ಬೆಂಗಳೂರಿನಲ್ಲೇ ಇದ್ದರೆ ಬೇರೆ ಮಾತು. ಮನೆಯಿಂದಲೇ ಕೆಲಸ ಮಾಡುವವರಿಗೆ ಈ ಹೋಲಿಕೆ ಮಾಡದಿರುವುದು ಬರೀ ಪ್ರತಿಷ್ಠೆಯ ರೋಗ.

ನೆಪಗಳಿಗೆ ಉತ್ತರ

"ಕಾನೂನು ಇಂಗ್ಲಿಷಿನಲ್ಲೇ ಇರಬೇಕು" ಎನ್ನುತ್ತಾರೆ. ಸುಳ್ಳು! 1908ರ ನೋಂದಣಿ ಕಾಯ್ದೆ ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಭಾಷೆಯ ದಸ್ತಾವೇಜನ್ನು ಒಪ್ಪುತ್ತದೆ. ಹಾನಗಲ್ಲಿನಲ್ಲಿ ಸಿಂಧುವಾದ ಕನ್ನಡ ಪತ್ರ ಬೆಂಗಳೂರಿನಲ್ಲಿ ಅಸಿಂಧುವಾಗುವುದಿಲ್ಲ. "ಸಾಲ ಕೊಡುವವರು ಒಪ್ಪುವುದಿಲ್ಲ" ಎನ್ನುತ್ತಾರೆ. ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ವ್ಯವಹರಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. "ಕೊಳ್ಳುವವರು ಯಾರೂ ಕೇಳುವುದಿಲ್ಲ" ಎನ್ನುತ್ತಾರೆ. ಇದು ಮಾತ್ರ ಸತ್ಯ. ಮತ್ತು ಇದು ನಮ್ಮ ಮುಖಕ್ಕೆ ಬಿದ್ದ ಏಟು!

2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವನ್ನು ಕಡ್ಡಾಯ ಮಾಡಿದರು. ಒಳ್ಳೆಯದೇ. ಆದರೆ ಫಲಕದ ಕನ್ನಡ ಗೇಟಿನಲ್ಲೇ ನಿಂತುಬಿಟ್ಟರೆ ಏನು ಬಂತು? ಹಣ ಕೈ ಬದಲಾಗುವ ಮೇಜಿನ ಮೇಲೆ ಕನ್ನಡ ಬರಬೇಕು. ಅಲ್ಲಿ ಬಾರದ ಕನ್ನಡ ತೋರಣದ ಕನ್ನಡ!

ನೀವು ಯಾವ ನೆಲದವರು ಎಂಬುದನ್ನು ಮರೆಯಬೇಡಿ. ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಕೇಳಿ 1982ರಲ್ಲಿ ನಾಡಿಗೆ ನಾಡೇ ಬೀದಿಗಿಳಿಯಿತಲ್ಲ, ಡಾ. ರಾಜ್‌ಕುಮಾರ್ ಮುಂದೆ ನಿಂತರಲ್ಲ, ಆ ಚಳವಳಿಗೆ ಯಾರ ಹೆಸರು? ಗೋಕಾಕರದು. ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ನಿಮ್ಮ ಸವಣೂರಿನಲ್ಲಿ! ಕನಕದಾಸರ ಬಾಡ, ಶರೀಫರ ಶಿಶುನಾಳ ನಿಮ್ಮ ಶಿಗ್ಗಾವಿ ತಾಲ್ಲೂಕಿನಲ್ಲಿವೆ. ಸರ್ವಜ್ಞನ ಅಬಲೂರು ನಿಮ್ಮ ಹಿರೇಕೆರೂರು ತಾಲ್ಲೂಕಿನಲ್ಲಿದೆ. ಕನಕದಾಸರು, ಶರೀಫರು, ಸರ್ವಜ್ಞ ಜನರ ಮಾತಿನಲ್ಲೇ ಜನರಿಗೆ ಹೇಳಿದವರು. ಅವರ ನೆಲವನ್ನು ಮಾರಿ, ಹೆತ್ತವರಿಗೆ ತಿಳಿಯದ ಮಾತಿಗೆ ಹೆತ್ತವರಿಂದಲೇ ಸಹಿ ಹಾಕಿಸುವುದೇ?

ಹೀಗೆ ಕೇಳಿ

1. ರೇರಾ ನೋಂದಣಿ ಸಂಖ್ಯೆ ಮೊದಲು. 500 ಚದರ ಮೀಟರು ಭೂಮಿ ಅಥವಾ 8 ಮನೆ ಮೀರಿದ ಯೋಜನೆಗೆ ಅದು ಬೇಕೇ ಬೇಕು. ಇಲ್ಲದಿದ್ದರೆ ಎದ್ದು ಬನ್ನಿ.

2. ಮಾರಾಟ ಕರಾರು ನೋಂದಣಿಯಾಗುವ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಕೊಡಬೇಡಿ.

3. ಕರಾರಿನ ಕನ್ನಡ ಪ್ರತಿ ಕೇಳಿ. ಕನಿಷ್ಠ ಒಂದು ವಾರ ಮನೆಗೆ ಒಯ್ದು ಓದಲು ಸಮಯ ಕೇಳಿ. ಕನ್ನಡ ಪ್ರತಿ ಕೊಡುವ ಕಟ್ಟಡದವರಿಗೆ ನಿಮ್ಮ ಹೋಲಿಕೆಯ ಪಟ್ಟಿಯಲ್ಲಿ ಹೆಚ್ಚು ಅಂಕ ಹಾಕಿ.

4. ಮನೆ ತಡವಾದರೆ ಬಡ್ಡಿ ಎಷ್ಟು, ಕ್ಲಬ್ಬಿನ ಒಡೆತನ ಯಾರದು, ನಿರ್ವಹಣಾ ಶುಲ್ಕವನ್ನು ಯಾರು ಏರಿಸುತ್ತಾರೆ ಎಂಬ ಕಲಮುಗಳನ್ನು ಅಪ್ಪ ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿ. ನಿಮಗೆ ಹೇಳಲು ಬಾರದಿದ್ದರೆ ನಿಮಗೂ ಅರ್ಥವಾಗಿಲ್ಲ ಎಂದೇ ಲೆಕ್ಕ.

5. ನಿವಾಸಿಗಳ ಸಂಘ ಸೇರಿ. ಸಭೆಯ ನಡಾವಳಿ, ಸೂಚನಾ ಫಲಕ ಕನ್ನಡದಲ್ಲೂ ಇರಲೆಂದು ಮೊದಲ ಸಭೆಯಲ್ಲೇ ಕೈಯೆತ್ತಿ. ಕಾಡಿ ಬೇಡಿ ಅಲ್ಲ, ಮಾಲೀಕನ ಹಕ್ಕಿನಿಂದ.

ಕಲ್ಲೆಸೆಯಬೇಕಿಲ್ಲ. ಮಸಿ ಬಳಿಯಬೇಕಿಲ್ಲ. ಕೊಳ್ಳುವವನ ಕೈಯಲ್ಲಿ ಅದಕ್ಕಿಂತ ದೊಡ್ಡ ಅಸ್ತ್ರವಿದೆ: ಚೆಕ್ಕು. ಒಬ್ಬ ಕೇಳಿದರೆ ನಗುತ್ತಾರೆ. ಹತ್ತು ಜನ ಕೇಳಿದರೆ ಯೋಚಿಸುತ್ತಾರೆ. ನೂರು ಜನ "ಕನ್ನಡ ಪ್ರತಿ ಇಲ್ಲದಿದ್ದರೆ ಸಹಿ ಇಲ್ಲ" ಎಂದು ಎದ್ದು ನಡೆದರೆ ಮರುದಿನವೇ ಅನುವಾದಕರನ್ನು ಹುಡುಕಿಕೊಂಡು ಹೊರಡುತ್ತಾರೆ. ವ್ಯಾಪಾರಿಗೆ ದ್ವೇಷವೂ ಇಲ್ಲ, ಪ್ರೀತಿಯೂ ಇಲ್ಲ. ಕೇಳಿದವರ ಭಾಷೆ ಅವನ ಭಾಷೆ.

ಮುಂದಿನ ಭಾನುವಾರ ಮನೆ ನೋಡಲು ಹೋದಾಗ ಈಜುಕೊಳ ತೋರಿಸುವ ಮುನ್ನವೇ ಕೇಳಿ: "ಕರಾರಿನ ಕನ್ನಡ ಪ್ರತಿ ಎಲ್ಲಿದೆ?"